ಬಿಚ್ಚದ ಕೊಡೆ

ಗ್ರಹಗಳತ್ತ ಹಾರಿದ ನೌಕೆಗಳ ವಿಷಯ ಪತ್ರಿಕೆಗಳಲ್ಲಿ ಬರುವುದು ಸಾಮಾನ್ಯವಾಗಿ ಎರಡು ಸಲ: ಹೊರಟ ದಿನ ಒಮ್ಮೆ, ತಲಪಿದ ದಿನ ಇನ್ನೊಮ್ಮೆ. ನಡುವಣ ವರ್ಷಗಳಲ್ಲಿ ಏನು ನಡೆಯಿತು, ತಲಪಿದ ಮೇಲೆ ಏನಾಯಿತು ಎಂದು ಕೇಳುವವರು ಕಡಮೆ. ಆದರೆ ಹೀಗೆ ಹೋದ ನೌಕೆಗಳಲ್ಲಿ ಬಹುಪಾಲು ಮರಳಿ ಬರುವುದಿಲ್ಲ. ದೂರದೇಶಕ್ಕೆ ಹೋಗಿ ನೆಲಸಿದ ಮಗನಿಂದ ತಂದೆತಾಯಿಗಳಿಗೆ ಅವನ ಕಾಗದವಷ್ಟೇ ದಕ್ಕುವಂತೆ, ನೌಕೆಯಿಂದ ನಮಗೆ ದಕ್ಕುವುದು ಅದು ಬಾನುಲಿ ಅಲೆಗಳ ಮೇಲೆ ಕಳಿಸುವ ಅಂಕಿಗಳ ಸಾಲು ಮಾತ್ರ. ಆ ಕಾಗದದಲ್ಲಿ ಏನನ್ನು ಬರೆಯಬೇಕು, ಎಷ್ಟು ಬರೆಯಬೇಕು, ಯಾವುದನ್ನು ಬರೆಯದೆ ಬಿಡಬೇಕು ಎಂದು ನಿರ್ಧರಿಸುವವರು ಭೂಮಿಯ ಮೇಲೆ ಮೇಜಿನ ಸುತ್ತ ಕುಳಿತವರು. ಅವರ ಕೆಲಸಕ್ಕೆ ಗುಡುಗಿಲ್ಲ, ಹೊಗೆಯಿಲ್ಲ. ಆದ್ದರಿಂದ ಹೆಸರೂ ಇಲ್ಲ. ಗುರುಗ್ರಹಕ್ಕೆ ಹೋದ ಗೆಲಿಲಿಯೋ ನೌಕೆಯ ಚರಿತ್ರೆಯಲ್ಲಿ ಮಾತ್ರ, ಒಂದು ಅವಘಡದ ದೆಸೆಯಿಂದ, ಈ ತೆರೆಮರೆಯ ಕೆಲಸವೇ ರಂಗದ ಮೇಲೆ ಬಂದು ನಿಂತಿತು.

ಮೊದಲು ಸ್ವಲ್ಪ ಹಿಂದಿನ ಮಾತು. 1965ರ ಜುಲೈ ತಿಂಗಳಲ್ಲಿ ಅಮೆರಿಕದ ಮ್ಯಾರಿನರ್-4 ಮಂಗಳನ ಪಕ್ಕದಲ್ಲಿ ಹಾದುಹೋಗುತ್ತ 22 ಚಿತ್ರಗಳನ್ನು ತೆಗೆದು ಟೇಪಿನಲ್ಲಿ ತುಂಬಿಕೊಂಡಿತು. ಒಂದೊಂದು ಚಿತ್ರದಲ್ಲಿ ಇನ್ನೂರು ಗೆರೆ, ಒಂದೊಂದು ಗೆರೆಯಲ್ಲಿ ಇನ್ನೂರು ಚುಕ್ಕೆ. ಸೊನ್ನೆ ಇಲ್ಲವೆ ಒಂದು ಎಂಬ ಅತಿ ಚಿಕ್ಕ ಸುದ್ದಿಗೆ ‘ಬಿಟ್’ ಎಂದು ಹೆಸರು. ಚುಕ್ಕೆಯ ಬೆಳಕು ಎಷ್ಟೆಂದು ಹೇಳಲು ಆರು ಬಿಟ್ ಬೇಕಾಗಿದ್ದವು. ನೌಕೆ ಕಳಿಸಬಲ್ಲದ್ದು ಸೆಕೆಂಡಿಗೆ ಎಂಟು ಬಿಟ್‌ಗಿಂತ ಒಂದಿಷ್ಟು ಹೆಚ್ಚು. ಎಂದರೆ ಒಂದು ಚಿತ್ರಕ್ಕೆ ಎಂಟು ಗಂಟೆ. ಕ್ಯಾಲಿಫೋರ್ನಿಯದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದವರಿಗೆ ಅಷ್ಟು ಹೊತ್ತು ತಾಳ್ಮೆ ಉಳಿಯಲಿಲ್ಲ. ಅಂಕಿಗಳು ಅಚ್ಚಾಗಿ ಬರುತ್ತಿದ್ದ ಕಾಗದದ ಪಟ್ಟಿಗಳನ್ನು ಹಲಗೆಗೆ ಸಾಲಾಗಿ ಅಂಟಿಸಿ, ಇಂಥ ಅಂಕಿಗೆ ಇಂಥ ಬಣ್ಣ ಎಂದು ಗೊತ್ತುಮಾಡಿಕೊಂಡು, ಬಣ್ಣದ ಕಡ್ಡಿಗಳಿಂದ ತುಂಬತೊಡಗಿದರು. ಮನುಷ್ಯನ ನೌಕೆ ಹತ್ತಿರದಿಂದ ಕಂಡ ಮಂಗಳನ ಮೊದಲ ಚಿತ್ರ ಹೀಗೆ ರಂಗೋಲಿಗೆ ಬಣ್ಣ ತುಂಬಿದ ಹಾಗೆ ಕೈಯಿಂದ ಮೂಡಿತು. ಆಗಿನದು ಅಲ್ಪಸಂತೋಷದ ಕಾಲ, ಬಂದದ್ದೆಲ್ಲ ಲಾಭ.

ಗೆಲಿಲಿಯೋ ನೌಕೆಯ ಕಾಲಕ್ಕೆ ಆಸೆಗಳು ಬೆಳೆದಿದ್ದವು. 1977ರಲ್ಲಿ ಅಮೆರಿಕದ ಸಂಸತ್ತು ಈ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುರುವಿನ ಸುತ್ತ ವರ್ಷಗಟ್ಟಲೆ ಸುತ್ತುವುದು, ಅದರ ದೊಡ್ಡ ಉಪಗ್ರಹಗಳನ್ನು ಹತ್ತಿರದಿಂದ ನೋಡುವುದು, ಒಂದು ಶೋಧಕವನ್ನು ಅದರ ಮೋಡಗಳ ಒಳಕ್ಕೇ ಇಳಿಸುವುದು—ಇಷ್ಟೂ ಒಂದೇ ನೌಕೆಯ ಹೊರೆ. 1982ರಲ್ಲಿ ಹೊರಡಬೇಕಾದದ್ದು ಮುಂದೆ ಹೋಯಿತು. ಮತ್ತೆ ಮುಂದೆ ಹೋಯಿತು. 1986ರ ಮೇ ತಿಂಗಳಲ್ಲಿ ಹೊರಡುವುದು ಖಂಡಿತ ಎನ್ನುವಷ್ಟರಲ್ಲಿ, ಜನವರಿ 28ರಂದು ಚಾಲೆಂಜರ್ ನೌಕೆ ಏಳು ಜನರೊಡನೆ ಆಕಾಶದಲ್ಲಿ ಒಡೆದುಹೋಯಿತು. ಫ್ಲಾರಿಡಾಕ್ಕೆ ಬಂದಿದ್ದ ಗೆಲಿಲಿಯೋವನ್ನು ಲಾರಿಯ ಮೇಲೇರಿಸಿ ಕ್ಯಾಲಿಫೋರ್ನಿಯಕ್ಕೆ ಹಿಂದಕ್ಕೆ ಒಯ್ದರು. ಕೆಲವು ವರ್ಷಗಳ ಮೇಲೆ ಮತ್ತೆ ಲಾರಿಯ ಮೇಲೇರಿಸಿ ಫ್ಲಾರಿಡಾಕ್ಕೆ ತಂದರು. ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಮೂರು ಸಲದ ಪ್ರಯಾಣ. ಈ ಲಾರಿ ಪ್ರಯಾಣವನ್ನು ಓದುಗರು ನೆನಪಿನಲ್ಲಿಡಬೇಕು.

ಕೊನೆಗೆ 1989ರ ಅಕ್ಟೋಬರ್ 18ರಂದು ನೌಕೆ ಹೊರಟಿತು. ನೇರವಾಗಿ ಗುರುವಿನ ಕಡೆಗೆ ಎಸೆಯುವಷ್ಟು ಬಲದ ರಾಕೆಟ್ಟನ್ನು ಬಳಸುವಂತಿರಲಿಲ್ಲ. ಆದ್ದರಿಂದ ಮೊದಲು ಶುಕ್ರನ ಬಳಿಗೆ, ಆಮೇಲೆ ಎರಡು ಸಲ ಭೂಮಿಯ ಬಳಿಗೆ ಬಂದು, ಆ ಗ್ರಹಗಳ ಸೆಳೆತದಿಂದಲೇ ವೇಗವನ್ನು ಪಡೆದು ಹೋಗುವ ಸುತ್ತುದಾರಿ ಹಿಡಿಯಿತು. ಶುಕ್ರನ ಬಳಿ ಬಿಸಿಲು ಹೆಚ್ಚು. ನೌಕೆಯ ಮುಖ್ಯ ಆಂಟೆನಾ 4.8 ಮೀಟರ್ ಅಗಲದ್ದು, ಹದಿನೆಂಟು ಕಡ್ಡಿಗಳ ಮೇಲೆ ಚಿನ್ನದ ಲೇಪದ ಸಣ್ಣ ತಂತಿಯ ಬಲೆಯನ್ನು ಹೊದಿಸಿದ್ದು, ಥೇಟ್ ಕೊಡೆ. ಅದನ್ನು ಮಡಚಿ, ಮೇಲೆ ನೆರಳಿನ ತಟ್ಟೆಯೊಂದನ್ನಿಟ್ಟು ಕಾಪಾಡಿದರು. ಬಿಸಿಲಿನ ಭಯ ಕಳೆದ ಮೇಲೆ, 1991ರ ಏಪ್ರಿಲ್ 11ರಂದು, ಕೊಡೆ ಬಿಚ್ಚು ಎಂದು ಆಜ್ಞೆ ಹೋಯಿತು.

ಕೊಡೆ ಬಿಚ್ಚಲಿಲ್ಲ. ಕೆಲವು ಕಡ್ಡಿಗಳು ನಡುಕಂಬಕ್ಕೆ ಕಚ್ಚಿಕೊಂಡು ಒಂದು ಮಗ್ಗುಲು ಮುಚ್ಚಿಯೇ ಉಳಿಯಿತು. ಕಡ್ಡಿಗಳ ಗುಬಟುಗಳಿಗೆ ಹಚ್ಚಿದ್ದ ಜಾರುಪುಡಿ ಲಾರಿಯ ಕುಲುಕಾಟದಲ್ಲಿ ಸವೆದುಹೋಗಿತ್ತೆಂಬುದು ತನಿಖೆ ಮಾಡಿದವರಲ್ಲಿ ಹೆಚ್ಚಿನವರು ಒಪ್ಪಿದ ಕಾರಣ. ಕಾದಿಟ್ಟ ಅಷ್ಟು ವರ್ಷಗಳಲ್ಲಿ ಅದನ್ನು ಯಾರೂ ಮತ್ತೆ ಹಚ್ಚಿರಲಿಲ್ಲ. ನೌಕೆಯನ್ನು ಬಿಸಿಲಿಗೆ ತಿರುಗಿಸಿ ಕಾಯಿಸಿದರು, ನೆರಳಿಗೆ ತಿರುಗಿಸಿ ತಣಿಸಿದರು. ಲೋಹ ಹಿಗ್ಗಿ ಕುಗ್ಗಿ ಕಡ್ಡಿ ಜಾರೀತೆಂಬ ಆಸೆಯಿಂದ. ಆಮೇಲೆ ಮೋಟಾರನ್ನು ಹಾಕಿ ತೆಗೆದು, ಹಾಕಿ ತೆಗೆದು, ಸುತ್ತಿಗೆಯ ಪೆಟ್ಟಿನಂತೆ ಹದಿಮೂರು ಸಾವಿರಕ್ಕೂ ಹೆಚ್ಚು ಸಲ ಬಡಿದರು. 1993ರ ಆರಂಭದ ವೇಳೆಗೆ ಕೈಚೆಲ್ಲಬೇಕಾಯಿತು.

ನಷ್ಟ ಎಷ್ಟೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಗೆಲಿಲಿಯೋವಿನ ಕ್ಯಾಮೆರಾ ತೆಗೆಯುವ ಒಂದು ಚಿತ್ರದಲ್ಲಿ ಎಂಟುನೂರು ಗೆರೆ, ಗೆರೆಗೆ ಎಂಟುನೂರು ಚುಕ್ಕೆ, ಚುಕ್ಕೆಗೆ ಎಂಟು ಬಿಟ್: ಒಟ್ಟು 51,20,000. ಕೊಡೆ ಬಿಚ್ಚಿದ್ದರೆ ಸೆಕೆಂಡಿಗೆ 1,34,400 ಬಿಟ್ ಕಳಿಸಬಹುದಾಗಿತ್ತು. ಚಿತ್ರಕ್ಕೆ 38 ಸೆಕೆಂಡು. ಉಳಿದಿದ್ದ ಚಿಕ್ಕ ಆಂಟೆನಾದಿಂದ, ಗುರುವಿನಷ್ಟು ದೂರದಲ್ಲಿ, ಆಗಿನ ಉಪಾಯಗಳಿಂದ ಸೆಕೆಂಡಿಗೆ ಸುಮಾರು ಹತ್ತೇ ಬಿಟ್. ಚಿತ್ರವೊಂದಕ್ಕೆ ಆರು ದಿನ. ನೌಕೆಯಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು, ಸುಮಾರು 90 ಕೋಟಿ ಬಿಟ್ ಹಿಡಿಯುವಂಥದು. ಅದನ್ನು ಒಮ್ಮೆ ತುಂಬಿ ಈ ವೇಗದಲ್ಲಿ ಬರಿದುಮಾಡಲು ಮೂರು ವರ್ಷಕ್ಕೆ ಹತ್ತಿರ ಬೇಕು. ನೌಕೆ ಗುರುವಿನ ಸುತ್ತ ಇರಬೇಕೆಂದು ಗೊತ್ತುಮಾಡಿದ್ದ ಅವಧಿಯೇ ಎರಡು ವರ್ಷ!

ಇಲ್ಲಿಂದ ಮುಂದೆ ಗೆಲಿಲಿಯೋವಿನ ಕಥೆ ಯಂತ್ರಶಾಸ್ತ್ರದ ಕಥೆಯಾಗಿ ಉಳಿಯದೆ, ಬಡತನದ ಸಂಸಾರ ನಡೆಸುವ ಕಥೆಯಾಗುತ್ತದೆ.

ಆದಾಯವನ್ನು ಹೆಚ್ಚಿಸುವುದು ಒಂದು ದಾರಿ. ಆಸ್ಟ್ರೇಲಿಯ ಮತ್ತು ಕ್ಯಾಲಿಫೋರ್ನಿಯದ ದೊಡ್ಡ ಆಂಟೆನಾಗಳನ್ನೂ, ಪಾರ್ಕ್ಸ್ ಎಂಬಲ್ಲಿನ 64 ಮೀಟರ್ ಬಾನುಲಿ ದೂರದರ್ಶಕವನ್ನೂ ಒಂದೇ ಕಿವಿಯಂತೆ ಒಟ್ಟುಗೂಡಿಸಿ ಕೇಳುವ ಏರ್ಪಾಡಾಯಿತು. ತಪ್ಪು ನುಸುಳಿದರೂ ತಿದ್ದಿಕೊಳ್ಳಬಹುದಾದ ಹೊಸ ಸಂಕೇತ ಪದ್ಧತಿ ಬಂದಿತು. ಇವೆಲ್ಲದರಿಂದ ವೇಗ ಸೆಕೆಂಡಿಗೆ 160 ಬಿಟ್‌ವರೆಗೆ ಏರಿತು. ಖರ್ಚನ್ನು ಇಳಿಸುವುದು ಇನ್ನೊಂದು ದಾರಿ. ನಮ್ಮಲ್ಲಿ 2013ರವರೆಗೆ ತಂತಿ ಸಮಾಚಾರವಿತ್ತು. ಪದಕ್ಕೆ ಇಷ್ಟೆಂದು ಕಾಸು ಕೊಡಬೇಕಾಗಿದ್ದುದರಿಂದ ‘ತಂದೆ ಅಸ್ವಸ್ಥ, ಹೊರಡು’ ಎಂಬ ಮೂರು ಪದಗಳಲ್ಲಿ ಒಂದು ಪುಟದ ಕಾಗದವನ್ನು ಅಡಗಿಸುತ್ತಿದ್ದರು. ಅದೇ ಜಾಣತನ ಇಲ್ಲಿಯೂ. ಚಿತ್ರದಲ್ಲಿ ಅರ್ಧ ಕಪ್ಪು ಆಕಾಶವೇ ಇದ್ದರೆ ಆ ಕಪ್ಪು ಚುಕ್ಕೆಗಳನ್ನು ಒಂದೊಂದಾಗಿ ಏಕೆ ಕಳಿಸಬೇಕು? ಪಕ್ಕಪಕ್ಕದ ಚುಕ್ಕೆಗಳು ಹೆಚ್ಚುಕಡಮೆ ಒಂದೇ ಬೆಳಕಿನವಾದರೆ ವ್ಯತ್ಯಾಸವನ್ನಷ್ಟೇ ಹೇಳಿದರೆ ಸಾಲದೆ? ಹೀಗೆ ಹಿಂಡಿ ಚಿಕ್ಕದುಮಾಡುವ ಗಣಿತವನ್ನು, ನೌಕೆ ಹೊರಟು ಎಷ್ಟೋ ವರ್ಷಗಳ ಮೇಲೆ, ಅದರೊಳಗಿನ ಹಳೆಯ ಕಾಲದ ಪುಟ್ಟ ಗಣಕಗಳಿಗೆ ಬಾನುಲಿಯ ಮೂಲಕವೇ ಕಲಿಸಿದರು. 1996ರ ಬೇಸಗೆಯಲ್ಲಿ ಈ ಹೊಸ ಪಾಠ ಪೂರ್ತಿಯಾಯಿತು.

ಇಷ್ಟಾದರೂ ಹತ್ತಾರು ಸಾವಿರ ಚಿತ್ರಗಳ ಕನಸು ಒಂದೆರಡು ಸಾವಿರಕ್ಕೆ ಇಳಿಯಿತು. ಆಗ ಉಳಿದದ್ದು ಮೂರನೆಯ ದಾರಿ, ಎಲ್ಲಕ್ಕಿಂತ ಕಷ್ಟದ್ದು: ಆರಿಸುವುದು.

ಆರಿಸುವ ಕಲೆಯ ಮೊದಲ ಪರೀಕ್ಷೆ ದಾರಿಯಲ್ಲಿಯೇ ಒದಗಿತ್ತು. 1993ರ ಆಗಸ್ಟ್ 28ರಂದು ನೌಕೆ ಇಡಾ ಎಂಬ ಕ್ಷುದ್ರಗ್ರಹದ ಬಳಿ ಹಾದುಹೋಯಿತು. ತೆಗೆದ ಚಿತ್ರಗಳು ಟೇಪಿನಲ್ಲಿದ್ದವು. ಯಾವ ಚಿತ್ರದ ಯಾವ ಮೂಲೆಯಲ್ಲಿ ಇಡಾ ಇದೆಯೆಂಬುದು ಗೊತ್ತಿರಲಿಲ್ಲ. ಎಲ್ಲವನ್ನೂ ತರಿಸಲು ಪುರಸತ್ತಿಲ್ಲ. ಅದಕ್ಕಾಗಿ ಒಂದೊಂದು ಚಿತ್ರದಿಂದ ನಡುನಡುವೆ ಕೆಲವೇ ಗೆರೆಗಳನ್ನು ತರಿಸಿ ನೋಡುವುದು, ಬೆಳಕು ಕಂಡಲ್ಲಿ ಮಾತ್ರ ಇಡೀ ಭಾಗವನ್ನು ತರಿಸುವುದು ಎಂದು ಗೊತ್ತುಮಾಡಿದರು. ಕಂಬಿಗಳ ನಡುವಿನಿಂದ ನೋಡಿದಂತೆ ಕಾಣುವ ಈ ತುಣುಕುಗಳನ್ನು ಅವರು ಸೆರೆಮನೆಯ ಸರಳುಗಳೆಂದು ಕರೆದರು. 1994ರ ಫೆಬ್ರವರಿಯಲ್ಲಿ ಇಂಥ ಸರಳುಗಳನ್ನು ನೋಡುತ್ತಿದ್ದ ಆನ್ ಹಾರ್ಚ್ ಎಂಬಾಕೆಗೆ ಇಡಾದ ಪಕ್ಕದಲ್ಲಿ, ಇರಬಾರದ ಕಡೆ, ಬೆಳಕಿನ ಒಂದು ಚೂರು ಕಂಡಿತು. ಅದು ನಕ್ಷತ್ರವಲ್ಲ, ಟೇಪಿನ ದೋಷವಲ್ಲ. ಸುಮಾರು ಒಂದೂವರೆ ಕಿಲೋಮೀಟರ್ ಅಗಲದ ಪುಟ್ಟ ಚಂದ್ರ. ಕ್ಷುದ್ರಗ್ರಹಕ್ಕೂ ಚಂದ್ರನಿರಬಹುದೆಂಬುದಕ್ಕೆ ಅದೇ ಮೊದಲ ಖಚಿತ ಸಾಕ್ಷಿ. ಅದಕ್ಕೆ ಡ್ಯಾಕ್ಟಿಲ್ ಎಂದು ಹೆಸರಾಯಿತು. ಚಿತ್ರ ತೆಗೆದು ಆರು ತಿಂಗಳು ಕಳೆದಿದ್ದವು. ಆ ಆರು ತಿಂಗಳೂ ಡ್ಯಾಕ್ಟಿಲ್ ಟೇಪಿನ ಸುರುಳಿಯಲ್ಲಿ ಯಾರಿಗೂ ಕಾಣದೆ ಮಲಗಿತ್ತು.

ಗುರುವನ್ನು ತಲಪಲು ಎಂಟು ವಾರವಿದ್ದಾಗ ಎರಡನೆಯ ಕುತ್ತು ಬಂದಿತು. 1995ರ ಅಕ್ಟೋಬರ್ 11ರಂದು ಟೇಪನ್ನು ಹಿಂದಕ್ಕೆ ಸುತ್ತಲು ಹೇಳಿದರೆ ರೆಕಾರ್ಡರ್ ನಿಲ್ಲಲೇ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲವೆಂಬ ಹಾಗೆ, ಎಲ್ಲ ಉಪಾಯಗಳಿಗೂ ಆಧಾರವಾಗಿದ್ದ ಆ ಒಂದು ಯಂತ್ರವೇ ಕೈಕೊಟ್ಟಂತಾಯಿತು. ಕೆಲವು ದಿನಗಳ ಮೇಲೆ ಜೋಪಾನವಾಗಿ ಪರೀಕ್ಷಿಸಿದಾಗ ಅದು ಸತ್ತಿಲ್ಲವೆಂದು ತಿಳಿಯಿತು. ಟೇಪು ಅಂಟಿಕೊಂಡು, ಚಕ್ರಗಳು ಒಂದೇ ಕಡೆ ಉಜ್ಜಿದ್ದವು. ಸವೆದಿರಬಹುದಾದ ಆ ಭಾಗದ ಮೇಲೆ ಟೇಪನ್ನೇ ಇಪ್ಪತ್ತೈದು ಸುತ್ತು ಸುತ್ತಿ, ಇನ್ನು ಆ ಕಡೆ ಹೋಗಕೂಡದೆಂದು ಕಟ್ಟುಮಾಡಿದರು.

ಈಗ ತೀರ್ಮಾನದ ಹೊತ್ತು. ಡಿಸೆಂಬರ್ 7ರಂದು ಶೋಧಕ ಗುರುವಿನ ಮೋಡಗಳೊಳಗೆ ಇಳಿಯುವುದಿತ್ತು. ಅದು ಬದುಕಿರುವುದು ಸುಮಾರು ಒಂದು ಗಂಟೆ. ಆ ಮಾತುಗಳನ್ನು ನೌಕೆ ಹಿಡಿದಿಟ್ಟುಕೊಳ್ಳಬೇಕು. ಅದೇ ದಿನ ನೌಕೆ ಅಯೋ ಎಂಬ ಉಪಗ್ರಹದ ಪಕ್ಕದಲ್ಲಿ ಒಂಬೈನೂರು ಕಿಲೋಮೀಟರ್ ಹತ್ತಿರದಿಂದ ಹಾದುಹೋಗುವುದಿತ್ತು. ಅಯೋ ಜ್ವಾಲಾಮುಖಿಗಳ ಲೋಕ. ಗುರುವಿನ ಘೋರವಾದ ವಿಕಿರಣದ ನಡುವೆ ಇರುವುದರಿಂದ ಅಲ್ಲಿಗೆ ಮತ್ತೆ ಹೋಗುವ ಯೋಚನೆಯೇ ಆಗ ಇರಲಿಲ್ಲ. ಚಿತ್ರಗಳಿಗಾಗಿ ಟೇಪನ್ನು ವೇಗವಾಗಿ ಓಡಿಸಿದರೆ ಹರಿಯಬಹುದು; ಹರಿದರೆ ಶೋಧಕದ ಮಾತಿನ ಗತಿಯೇನು? ಅಯೋವಿನ ಚಿತ್ರಗಳನ್ನೂ, ಅಂದು ತೆಗೆಯಬೇಕಾಗಿದ್ದ ಯುರೋಪಾದ ಚಿತ್ರಗಳನ್ನೂ ಕೈಬಿಡಲಾಯಿತು. 1977ರಿಂದ ಆ ಒಂದು ದಿನಕ್ಕಾಗಿ ಕಾದವರು ಆ ತಂಡದಲ್ಲಿದ್ದರು. ಹದಿನೆಂಟು ವರ್ಷ ಕಾದು, ಬಾಗಿಲಿಗೆ ಬಂದು, ಕಣ್ಣು ಮುಚ್ಚಿಕೊಂಡು ಹಾದುಹೋಗಿ ಎನ್ನುವ ತೀರ್ಮಾನ! ಅದು ಸರಿಯಾದ ತೀರ್ಮಾನವೇ. ಶೋಧಕದ ಮಾತು ಮತ್ತೆ ಕೇಳಬಹುದಾದದ್ದಲ್ಲ. ಅಯೋ ಎಲ್ಲಿಗೂ ಹೋಗುವುದಿಲ್ಲ. ಶೋಧಕದ ಮಾತು ಪೂರ್ತಿಯಾಗಿ ದಕ್ಕಿತು. ಅಯೋವಿನ ಹತ್ತಿರದ ಚಿತ್ರಗಳು ದೊರೆತದ್ದು ನೌಕೆಯ ಆಯುಷ್ಯ ಊಹೆಗೂ ಮೀರಿ ಬೆಳೆದದ್ದರಿಂದ, 1999ರ ಅಕ್ಟೋಬರಿನಲ್ಲಿ.

ಗುರುವಿನ ಸುತ್ತ ನೌಕೆಯ ದಿನಚರಿ ಹೀಗಿತ್ತು: ಒಂದೆರಡು ತಿಂಗಳಿಗೊಂದು ಸುತ್ತು. ಯಾವುದಾದರೊಂದು ಉಪಗ್ರಹದ ಬಳಿ ಹಾದುಹೋಗುವ ಆ ಒಂದು ವಾರ ಟೇಪು ತುಂಬುವ ಸುಗ್ಗಿ. ಮುಂದಿನ ವಾರಗಳೆಲ್ಲ ತುಂಬಿದ್ದನ್ನು ತೊಟ್ಟು ತೊಟ್ಟಾಗಿ ಭೂಮಿಗೆ ಇಳಿಸುವ ಕೆಲಸ. ಆಜ್ಞೆಗಳನ್ನು ವಾರಗಳ ಮೊದಲೇ ಬರೆದು ಪರೀಕ್ಷಿಸಿಡಬೇಕು. ಏಕೆಂದರೆ ಭೂಮಿಯ ಮಾತು ಅಲ್ಲಿಗೆ ಮುಟ್ಟಲು 35ರಿಂದ 52 ನಿಮಿಷ ಬೇಕು, ತಪ್ಪಾದಾಗ ತಡೆಯುವುದಕ್ಕೆ ಆಗುವುದಿಲ್ಲ. ವಿಜ್ಞಾನಿಗಳು ಮೂರು ಪಂಗಡ: ಗುರುವಿನ ವಾಯುಮಂಡಲದವರು, ಉಪಗ್ರಹಗಳವರು, ಕಾಂತಮಂಡಲದವರು. ಪ್ರತಿ ಸುತ್ತಿಗೂ ಟೇಪಿನ ಇಷ್ಟು ಭಾಗ, ಕಳಿಸುವ ಬಿಟ್‌ಗಳ ಇಷ್ಟು ಪಾಲು ಎಂದು ಈ ಮೂವರ ನಡುವೆ ಹಂಚಿಕೆಯಾಗಬೇಕು. ಅವಿಭಕ್ತ ಕುಟುಂಬದ ಪಾಲುಪಟ್ಟಿಯನ್ನು ಕಂಡವರಿಗೆ ಇದರ ಬಿಸಿ ತಿಳಿಯದೆ ಇರದು. ಚಿತ್ರ ತೆಗೆಯುವವರ ಹಸಿವು ದೊಡ್ಡದು. ಒಂದು ಚಿತ್ರದ ಬೆಲೆಗೆ ಕಾಂತಮಾಪಕ ಗಂಟೆಗಟ್ಟಲೆ ಅಳೆದ ಅಂಕಿಗಳನ್ನು ತರಿಸಬಹುದು. ಚಿತ್ರವಿಲ್ಲದೆ ಪತ್ರಿಕೆಗಳಿಲ್ಲ, ಪತ್ರಿಕೆಗಳಿಲ್ಲದೆ ಹಣ ಕೊಡುವ ಸಂಸತ್ತಿನ ಮನಸ್ಸೂ ಇಲ್ಲ, ಇದೂ ನಿಜ.

ಆದರೂ ಗೆಲಿಲಿಯೋವಿನ ಅತಿ ದೊಡ್ಡ ಲಾಭಗಳು ಆ ಸಣ್ಣ ಪಾಲಿನವರ ಕಡೆಯಿಂದ ಬಂದವೆಂದೇ ನನ್ನ ಎಣಿಕೆ. 1996ರ ಜೂನ್ 27ರಂದು ಗ್ಯಾನಿಮೀಡ್ ಬಳಿ ಹಾದಾಗ, ಆ ಉಪಗ್ರಹಕ್ಕೆ ತನ್ನದೇ ಆದ ಕಾಂತಕ್ಷೇತ್ರವಿದೆಯೆಂದು ತಿಳಿಯಿತು. ಮತ್ತಾವ ಉಪಗ್ರಹದಲ್ಲಿಯೂ ಕಾಣದ ಸಂಗತಿ. ಯುರೋಪಾದ ವಿಷಯ ಇನ್ನೂ ಸ್ವಾರಸ್ಯದ್ದು. ಅದರ ಮೇಲ್ಮೈ ಪೂರ ಮಂಜುಗಡ್ಡೆ. ಅದರ ಬಳಿ ಗುರುವಿನ ಕಾಂತಕ್ಷೇತ್ರ ಸ್ವಲ್ಪ ಬಾಗುವುದನ್ನು ಕಾಂತಮಾಪಕ ತೋರಿಸಿತ್ತು. ಯುರೋಪಾದೊಳಗೆ ಸ್ಥಿರವಾದ ಕಾಂತವೊಂದಿದೆಯೋ, ಅಥವಾ ಉಪ್ಪುನೀರಿನಂಥ ವಿದ್ಯುದ್ವಾಹಕ ಪದರವಿದ್ದು ಗುರುವಿನ ಕ್ಷೇತ್ರಕ್ಕೆ ಪ್ರತಿಯಾಗಿ ಅದರಲ್ಲಿ ಪ್ರವಾಹವೇಳುತ್ತಿದೆಯೋ? ಮಾರ್ಗರೆಟ್ ಕಿವೆಲ್ಸನ್ ಎಂಬ ವಿದುಷಿಯ ತಂಡಕ್ಕೆ ಇದನ್ನು ತೀರ್ಮಾನಿಸುವ ದಾರಿ ಹೊಳೆದಿತ್ತು. ಗುರುವಿನ ಕ್ಷೇತ್ರ ಯುರೋಪಾದ ಬಳಿ ಹನ್ನೊಂದು ಗಂಟೆಗೊಮ್ಮೆ ಓಲಾಡುತ್ತದೆ. ಅದು ಹಿಂದಿನ ಸಲಕ್ಕೆ ತಿರುವುಮುರುವಾಗಿರುವ ಹೊತ್ತಿಗೆ ಸರಿಯಾಗಿ ಹಾದುಹೋದರೆ ಗೊತ್ತಾಗುತ್ತದೆ: ಸ್ಥಿರ ಕಾಂತವಾದರೆ ದಿಕ್ಕು ಬದಲಾಗದು, ನೀರಾದರೆ ಬದಲಾಗುತ್ತದೆ. 2000ದ ಜನವರಿ 3ರಂದು ಅಂಥ ಗಳಿಗೆ ಕೂಡಿಬಂದಿತು. ದಿಕ್ಕು ಬದಲಾಗಿತ್ತು. ಮಂಜಿನ ಕೆಳಗೆ ಕಡಲಿದೆಯೆಂಬ ಮಾತಿಗೆ ಇಂದಿಗೂ ಮುಖ್ಯ ಆಧಾರ ಆ ಅಂಕಿಗಳೇ. ಆ ಕಡಲನ್ನು ಯಾವ ಕ್ಯಾಮೆರಾವೂ ಕಂಡಿಲ್ಲ.

ಯುರೋಪಾದಲ್ಲಿ ಜೀವವಿರುವುದಾದರೆ ಭೂಮಿಯ ಕ್ರಿಮಿಗಳು ಅದನ್ನು ಕೆಡಿಸಬಾರದೆಂದು, ಇಂಧನ ಮುಗಿಯುತ್ತ ಬಂದ ನೌಕೆಯನ್ನು 2003ರ ಸೆಪ್ಟೆಂಬರ್ 21ರಂದು ಗುರುವಿನ ಒಡಲಿಗೇ ನೂಕಿದರು. ಮೊದಲು ಇಟ್ಟುಕೊಂಡಿದ್ದ ಗುರಿಗಳಲ್ಲಿ ನೂರಕ್ಕೆ ಎಪ್ಪತ್ತು ಕೈಗೂಡಿದವೆಂದು ಲೆಕ್ಕ. ಸೆಕೆಂಡಿಗೆ ಲಕ್ಷ ಮೀರಿ ಬಿಟ್ ಬರಬೇಕಾದಲ್ಲಿ ನೂರೈವತ್ತೋ ನೂರರವತ್ತೋ ಬಂದರೂ ನೂರಕ್ಕೆ ಎಪ್ಪತ್ತು!

ಬಂದ ಕಾಗದವನ್ನು ಜೋಪಾನಮಾಡುವುದು ಬೇರೆಯೇ ವಿದ್ಯೆ. 1976ರಲ್ಲಿ ಮಂಗಳನ ಮೇಲಿಳಿದ ವೈಕಿಂಗ್ ನೌಕೆಗಳ ಜೀವಪರೀಕ್ಷೆಯ ಅಂಕಿಗಳನ್ನು ಇಪ್ಪತ್ತು ವರ್ಷಗಳಾಚೆ ಓದಹೊರಟವರಿಗೆ, ಟೇಪಿದ್ದರೂ ಅದನ್ನು ಓದುವ ಬಗೆ ತಿಳಿದವರು ಸಿಗಲಿಲ್ಲ; ಹಳೆಯ ಕಾಗದದ ಪ್ರತಿಗಳನ್ನು ಹುಡುಕಬೇಕಾಯಿತು. ಲಿಪಿ ಮರೆತ ತಾಳೆಗರಿಯಂತೆ. ಇಂಥ ನಷ್ಟಗಳನ್ನು ಕಂಡು 1982ರಲ್ಲಿ ಅಮೆರಿಕದ ವಿದ್ವಾಂಸರ ಸಮಿತಿಯೊಂದು ಎಚ್ಚರಿಸಿತು. ಆ ದಶಕದ ಕೊನೆಗೆ ಗ್ರಹಗಳ ಮಾಹಿತಿಗೆಂದೇ ಒಂದು ಭಂಡಾರ ಏರ್ಪಟ್ಟಿತು. ಅದರ ಕಟ್ಟಳೆಯಂತೆ ಅಂಕಿಗಳನ್ನಷ್ಟೇ ಇಟ್ಟರಾಗದು. ಅಳೆದ ಗಳಿಗೆ, ನೌಕೆ ಇದ್ದ ಜಾಗ, ಉಪಕರಣದ ಗುಣದೋಷ, ಎಲ್ಲವನ್ನೂ ಹೊರಗಿನವನೊಬ್ಬ ಓದಿ ತಿಳಿಯುವಂತೆ ಬರೆದಿಡಬೇಕು. ನಮ್ಮ ದೇಶದ ನೌಕೆಗಳಿಗೂ ಇಂಥ ಭಂಡಾರ ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿದೆ, 32 ಮೀಟರ್ ಅಗಲದ ಆಂಟೆನಾದ ಮಗ್ಗುಲಲ್ಲೇ. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1 ಎರಡು ವರ್ಷ ಬಾಳಬೇಕಾದದ್ದು 312 ದಿನಕ್ಕೆ ಮೌನವಾಯಿತು. ಅದರ ಮೇಲಿದ್ದ ಅಮೆರಿಕದ ಉಪಕರಣವೊಂದರ ಅಂಕಿಗಳನ್ನು ಮತ್ತೆ ಜಾಲಾಡಿ, ಚಂದ್ರನ ಧ್ರುವಗಳ ನೆರಳಿನಲ್ಲಿ ಮಂಜುಗಡ್ಡೆ ಮೇಲೆಯೇ ಇರುವುದನ್ನು ತೋರಿಸಿದ್ದು 2018ರಲ್ಲಿ. ನೌಕೆ ಮೌನವಾಗಿ ಒಂಬತ್ತು ವರ್ಷಗಳಾದ ಮೇಲೆ.

ಗೆಲಿಲಿಯೋವಿಗೂ ಅದೇ ವರ್ಷ ಮರುಹುಟ್ಟು. 1997ರ ಡಿಸೆಂಬರ್ 16ರಂದು ಅದು ಯುರೋಪಾದಿಂದ ಇನ್ನೂರು ಕಿಲೋಮೀಟರ್ ಎತ್ತರದಲ್ಲಿ ಹಾದಾಗ ಕಾಂತಮಾಪಕದ ಮುಳ್ಳು ಅರೆಗಳಿಗೆ ವಿಚಿತ್ರವಾಗಿ ಬಾಗಿತ್ತು. ಆಗ ಅದರ ಅರ್ಥ ಯಾರಿಗೂ ಆಗಲಿಲ್ಲ, ಬರೆದಿಟ್ಟರು, ಅಷ್ಟೆ. ಮುಂದೆ ಹಬಲ್ ದೂರದರ್ಶಕದ ಚಿತ್ರಗಳಿಂದ ಯುರೋಪಾದಲ್ಲಿ ನೀರಿನ ಚಿಲುಮೆಗಳಿರಬಹುದೆಂಬ ಮಾತೆದ್ದಾಗ, ಮಿಷಿಗನ್ ವಿಶ್ವವಿದ್ಯಾಲಯದ ಷಿಯಾನ್‌ಜೆ ಜಿಯಾ ಮತ್ತು ಕಿವೆಲ್ಸನ್ ಮೊದಲಾದವರು ಭಂಡಾರದಿಂದ ಆ ಹಳೆಯ ಅಂಕಿಗಳನ್ನು ತೆಗೆದು ನೋಡಿದರು. ನೌಕೆ ತನಗೇ ತಿಳಿಯದೆ ಅಂಥ ಚಿಲುಮೆಯೊಂದರ ಮೂಲಕ ಹಾದುಹೋಗಿತ್ತೆಂದರೆ ಆ ಬಾಗಿಗೆ ಅರ್ಥ ಸಿಗುತ್ತದೆ ಎಂದು ಅವರ ಲೇಖನ ಹೇಳಿತು. ಎಲ್ಲರೂ ಒಪ್ಪಿದ್ದಾರೆಂದಲ್ಲ. ಅದನ್ನು ಪರೀಕ್ಷಿಸಬಹುದಾದ ಯುರೋಪಾ ಕ್ಲಿಪ್ಪರ್ ಎಂಬ ನೌಕೆ 2024ರ ಅಕ್ಟೋಬರ್ 14ರಂದು ಹೊರಟಿದೆ, 2030ರಲ್ಲಿ ಗುರುವನ್ನು ತಲಪಬೇಕು. ಅದರ ಮುಖ್ಯ ಆಂಟೆನಾ ಮೂರು ಮೀಟರ್ ಅಗಲದ ಗಟ್ಟಿ ಬಟ್ಟಲು, ಮಡಚಿ ಬಿಚ್ಚುವಂಥದಲ್ಲ.